ಗೋಡೆ ತಳ್ಳುವ ಪಾಠ

ಬಟ್ಟೆ ಹೊಲಿಯುವ ಕಾರ್ಖಾನೆಯ ಮಹಡಿಯಲ್ಲಿ ಕೆಲಸಗಾರರ ಮಕ್ಕಳಿಗಾಗಿ ಒಂದು ಕೋಣೆಯಿದೆ. ಅಲ್ಲಿನ ಆಯಾಗೆ ಹತ್ತೊಂಬತ್ತು ವರ್ಷಗಳಿಂದ ಒಂದೇ ಹೆಸರು: ಗೋಡೆ ಅಜ್ಜಿ. ಸಿಟ್ಟು ನೆತ್ತಿಗೇರಿದ ಮಗುವನ್ನು ಆಕೆ ಗದರಿಸುವುದಿಲ್ಲ, ಮುದ್ದಿಸುವುದೂ ಇಲ್ಲ. ಗೋಡೆಯ ಮುಂದೆ ನಿಲ್ಲಿಸಿ, ಎರಡೂ ಅಂಗೈ ಊರಿಸಿ, ಬೀಳುವವರೆಗೂ ತಳ್ಳು ಎನ್ನುತ್ತಾಳೆ. ಗೋಡೆ ಬೀಳುವುದಿಲ್ಲ, ಸಿಟ್ಟೇ ಸುಸ್ತಾಗಿ ಕೂತುಬಿಡುತ್ತದೆ.

ಈ ವರ್ಷ ಬಂದ ಮೂರು ವರ್ಷದ ಹುಡುಗಿಗೆ ಮಾತಿಗಿಂತ ಮುಂಚೆ ಹಲ್ಲು ಓಡುತ್ತಿತ್ತು. ಹದಿನೈದು ದಿನದಲ್ಲಿ ನಾಲ್ವರನ್ನು ಕಚ್ಚಿದಳು. ಇನ್ನೊಂದು ಸಲ ಕಚ್ಚಿದರೆ ಸೇರಿಸಿಕೊಳ್ಳುವುದಿಲ್ಲವೆಂದು ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿದಳು. ಮಗು ಮನೆಗೆ ಹೋದರೆ, ಕೆಳಗೆ ಕಾಲರ್ ಹೊಲಿಯುವ ಅದರ ತಾಯಿಯೂ ಮನೆಗೇ. ನೋಡಿಕೊಳ್ಳಲು ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ.

ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಾಗ ಅಜ್ಜಿ, "ಕೈಗೆ ಕೆಲಸ ಕಲಿಸ್ತೀನಿ, ಹಲ್ಲಿಗೆ ಪುರುಸೊತ್ತೇ ಇರಲ್ಲ. ನೀನು ಮಿಷಿನ್ ಹತ್ರ ಹೋಗಮ್ಮ" ಎಂದಳು.

ಕಲಿಸಿದ್ದು ಹುಡುಗಿಗೆ ಸಿಟ್ಟು ಬಂದಾಗಲ್ಲ, ನಗುತ್ತಿದ್ದಾಗ. ಊಟಕ್ಕೆ ಮುಂಚೆ ಒಮ್ಮೆ, ನಿದ್ದೆಯಿಂದ ಎದ್ದ ಮೇಲೆ ಒಮ್ಮೆ, ಆಟದ ಹಾಗೆ ಇಬ್ಬರೂ ಗೋಡೆ ತಳ್ಳಿದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು ಎಂಬುದು ಅಜ್ಜಿಯ ನಂಬಿಕೆ.

ವಾರ ಕಳೆಯಿತು. ಮೇಲ್ವಿಚಾರಕಿ ಬಾಗಿಲಲ್ಲಿ ನಿಂತಿದ್ದಾಗಲೇ ಒಬ್ಬ ಪೋರ ಬಂದು ಹುಡುಗಿಯ ಕೈಯಿಂದ ಮರದ ಲಾರಿ ಕಿತ್ತುಕೊಂಡ. ಅವಳು ಗಬಕ್ಕನೆ ಅವನ ತೋಳಿಗೆ ಬಾಯಿ ಹಾಕಿದಳು. ಅಜ್ಜಿ ಕೂತಲ್ಲಿಂದ ಏಳಲಿಲ್ಲ. ಹುಡುಗಿ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ತೋಳು ಬಿಟ್ಟು ಓಡಿಹೋಗಿ, ಮುಖ ಕೆಂಪಾಗುವಷ್ಟು ಗೋಡೆ ತಳ್ಳಿದಳು.

"ನೋಡಿದ್ರಾ, ಮತ್ತೆ ಬಾಯಿ ಹಾಕಿದ್ಲು," ಎಂದಳು ಮೇಲ್ವಿಚಾರಕಿ.

"ಬಾಯಿ ಹಾಕಿದ್ದನ್ನ ನೀವು ನೋಡಿದ್ರಿ ಮೇಡಂ. ಕಚ್ಚದೆ ಬಿಟ್ಟಿದ್ದನ್ನ ನಾನು ನೋಡ್ದೆ. ಅವನ ತೋಳು ನೋಡಿ. ಹಲ್ಲಿನ ಗುರುತಿದ್ರೆ ಇವಳನ್ನ ನಾನೇ ಗೇಟಿನ ತನಕ ಬಿಟ್ಟು ಬರ್ತೀನಿ."

ಮೇಲ್ವಿಚಾರಕಿ ಕನ್ನಡಕ ಏರಿಸಿಕೊಂಡು ತೋಳನ್ನು ಹಿಂದೆ ಮುಂದೆ ತಿರುಗಿಸಿದಳು. ಜೊಲ್ಲಿತ್ತು, ಗುರುತಿರಲಿಲ್ಲ. ಪೋರ ಕಚಗುಳಿಯಾಗಿ ಕಿಲಕಿಲ ನಕ್ಕ. ಆಕೆ ತನ್ನ ಕರವಸ್ತ್ರದಲ್ಲೇ ಜೊಲ್ಲು ಒರೆಸಿ, ಲಾರಿಯನ್ನು ಹುಡುಗಿಗೆ ವಾಪಸ್ ಕೊಡಿಸಿ, ಮೆಟ್ಟಿಲಿಳಿದಳು.

ಸಂಜೆ ತಾಯಿ ಹೊಸಿಲಾಚೆಯೇ ನಿಂತು, ಇವತ್ತೇನಾಯಿತೆಂದು ಅಳುಕುತ್ತಲೇ ಕೇಳಿದಳು. ಅಜ್ಜಿ ಮಗುವಿನ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದಳು.

"ನಾಳೆಯಿಂದ ಇನ್ನೊಂದು ಜೊತೆ ಬಟ್ಟೆ ಇಟ್ಟು ಕಳ್ಸಮ್ಮ. ತಳ್ಳಿ ತಳ್ಳಿ ಮೈಯೆಲ್ಲ ಬೆವರು ಮಾಡ್ಕೋತಾಳೆ."