ಎತ್ತದೆ ಉಳಿದ ಗುಡ್ಡೆ

ಬಾಡಿನ ಪಾಲು ಹಾಕುವಾಗ ಮನುಷ್ಯನ ಕೈ ನೋಡಬೇಕು, ಹೇಸಿಗೆ ಬರುತ್ತದೆ. ಹೊಗೆನಕಲ್ಲಿನ ಹರಿಗೋಲಿನವರಿಗೇ ಟೋಪಿ ಹಾಕಿ ಬಂದ ನನಗೂ ನನ್ನ ದೊಡ್ಡಪ್ಪನ ಮಗನ ಕೈ ತಡೆಯಲು ಆಗಿರಲಿಲ್ಲ.

ಯುಗಾದಿಯ ಮರುದಿನ ನಮ್ಮ ಐದು ಮನೆಯವರು ಸೇರಿ ಸಾಕಿದ ಕುರಿ ಕೊಯ್ದು, ಎಲೆಗಳ ಮೇಲೆ ಗುಡ್ಡೆ ಹಾಕುತ್ತೇವೆ. ಒಂದೇ ಕಟ್ಟಳೆ: ಎಲ್ಲರೂ ಒಟ್ಟಿಗೆ ಎತ್ತಬೇಕು. ಒಬ್ಬರು ಎತ್ತದಿದ್ದರೂ ಉಳಿದವರು ಮುಟ್ಟುವಂತಿಲ್ಲ. ಗುಡ್ಡೆ ಹಾಕುವವನು ಈ ಅಣ್ಣ. ಲಿವರಿಗೆ ನಮ್ಮಲ್ಲಿ ಈರಲು ಅನ್ನುತ್ತಾರೆ. ಈರಲು, ಕೊಬ್ಬು, ತೊಡೆ ಅವನ ಎಲೆಗೆ. ತೀರಿಹೋದ ನನ್ನ ತಮ್ಮನ ಹೆಂಡತಿಯ ಎಲೆಗೆ ಮೂಳೆ. ಬರಿಗೈಗಿಂತ ಮೂಳೆಯಾದರೂ ಸಿಕ್ಕಿತಲ್ಲ ಎಂದು ಅವಳು ಎತ್ತುತ್ತಿದ್ದಳು. ಅಣ್ಣ ಅದನ್ನೇ ನಂಬಿಕೊಂಡಿದ್ದ.

ತನ್ನ ಮಗಳು ಹೆತ್ತು ಮನೆಯಲ್ಲಿ ಮಲಗಿದ್ದ ವರ್ಷ ಅವಳು ಎತ್ತಲಿಲ್ಲ. ಎಲೆಯ ಮುಂದೆ ಕೂತುಬಿಟ್ಟಳು.

“ಸೀಕ್ರ ಎತ್ತಮ್ಮ, ಮಾಪ್ಳೆ ಬಸ್ಸಿಳಿದಾಯ್ತು,” ಎಂದ ಅಣ್ಣ. ಸೇಲಂನಿಂದ ಅವನ ಅಳಿಯ ಊಟಕ್ಕೆ ಬರುವುದಿತ್ತು.

“ಬಾಣಂತಿಗೆ ಈರಲು ಬೇಕು ಬಾವ. ನಂಗೂ ಪಾಲೈತೆ.”

“ಇನ್ನೊಂದು ಮೂಳೆ ಆಕ್ಲಾ?”

“ನಾಯಿಗ್ ಆಕು.”

ಬಿಸಿಲೇರಿತು. “ಅಣ್ಣೋ, ಮಾಪ್ಳೆಗಿಂತ ಮುಂಚೆ ನೊಣುಗ್ಳಿಗೇ ಔತಣ ಆಕ್ತಿದೀಯಲ್ಲ!” ಎಂದೆ.

“ಬಾಯ್ ಮುಚ್ಲಾ!”

ಕೊನೆಗೆ ಎಲ್ಲವನ್ನೂ ಕಲಸಿ, ಈರಲನ್ನೂ ಹಂಚಿ, ಮತ್ತೆ ಗುಡ್ಡೆ ಹಾಕಿದ. ನಾಚಿಕೆಯಿಂದಲ್ಲ, ಹಸಿದು ಬರುವ ಅಳಿಯನ ಭಯದಿಂದ.

ಒಂದೇ ಸಲ ಆಡಿ ಮುಗಿಸುವ ಆಟವಾಗಿದ್ದರೆ ಅವಳು ದಡ್ಡಿ, ಸಿಕ್ಕ ಮೂಳೆಯನ್ನೂ ಪಣಕ್ಕಿಟ್ಟಳು. ಆದರೆ ಈ ಆಟ ಪ್ರತಿ ಯುಗಾದಿಗೂ ಬರುತ್ತದೆ. ಮುಂದಿನ ವರ್ಷದಿಂದ ಗುಡ್ಡೆಗಳು ತಾವಾಗಿ ಸಮನಾದವು. ಊರು ಅಣ್ಣನನ್ನು ನ್ಯಾಯವಂತ ಎಂದಿತು. ಥೂ! ಅವಳು ಕೂತುಬಿಟ್ಟಾಳೆಂಬ ಹೆದರಿಕೆಗೆ ಊರು ಇಟ್ಟ ಹೆಸರು ಅದು.

ಈ ಯುಗಾದಿಗೆ ಅವಳು ಮೈ ಹುಷಾರಿಲ್ಲದೆ ಬರಲಿಲ್ಲ, ಪಾಲು ಒಯ್ಯಲು ಮಗಳು ಬಂದಿದ್ದಳು. ಅಣ್ಣ ಒಮ್ಮೆ ಅತ್ತಿತ್ತ ನೋಡಿದ. ಈರಲು ಜಾರಿ ಅವನ ಎಲೆ ಸೇರಿತು; ಆ ಹುಡುಗಿಯ ಎಲೆಗೆ ಮತ್ತೆ ಮೂಳೆ. ಅವಳು ಬಗ್ಗಿ ಕೈ ಚಾಚಿದಳು. ನನ್ನ ಗುಡ್ಡೆ ಚೆನ್ನಾಗಿಯೇ ಇತ್ತು. ಆದರೂ ಎತ್ತದೆ ಅದರ ಮುಂದೆ ಕೂತೆ.

“ಏನ್ಲಾ ನಿಂದು?”

“ಸಂಜೆಗಂಟ ಕೂತಿರ್ತೀನಿ ಅಣ್ಣೋ. ನಂಗ್ಯಾವ ಮಾಪ್ಳೆನೂ ಬರಾಕಿಲ್ಲ.”

ಹುಡುಗಿ ಚಾಚಿದ ಕೈ ಹಿಂದಕ್ಕೆಳೆದುಕೊಂಡು ನನ್ನ ಪಕ್ಕ ಕೂತಳು. ಅಣ್ಣ ನಮ್ಮಿಬ್ಬರನ್ನೂ ಶಪಿಸುತ್ತ ಎಲೆಗಳನ್ನೆಲ್ಲ ತನ್ನತ್ತ ಎಳೆದುಕೊಂಡು, ಮತ್ತೆ ಕಲಸತೊಡಗಿದ.