ಒಳಗೆ ಮಡಚಿ ಬಿಟ್ಟಷ್ಟು
ಹೆಂಡತಿ ತೀರಿಕೊಂಡ ಮೇಲೆ ನಮ್ಮ ಬೀದಿಯ ದರ್ಜಿ ಅಡುಗೆ ಕಲಿತದ್ದು ಎಲೆ ಉದುರುವ ಕಾಲದಲ್ಲಿ. ಮೊದಮೊದಲು ಉಪ್ಪು ಮರೆತು, ಸಪ್ಪೆ ಮೋರೆ ಹಾಕಿಕೊಂಡು ಉಂಡ. ಸಿಹಿಗುಂಬಳದ ಮೇಲೂ ಸೀಮೆಸುಣ್ಣದ ಗೆರೆ ಎಳೆಯದೆ ಅವನಿಗೆ ಕತ್ತರಿಸಲು ಕೈ ಬಾರದು. ಸೂಪು ಬೇಯುವ ಹಬೆಗೆ ಕಿಟಕಿ ಮಂಜಾದರೆ, ಹೊರಗಿನ ಎಲೆಗಳು ಕನಸಿನಲ್ಲಿ ಬಿದ್ದಂತೆ ಸದ್ದಿಲ್ಲದೆ ಬೀಳುತ್ತಿದ್ದವು. ಆ ಹೊತ್ತಿನಲ್ಲಿ ಮನೆ ಅವನಿಗೆ ಖಾಲಿ ಅನ್ನಿಸುತ್ತಿರಲಿಲ್ಲ.

ಒಂದು ಸಂಜೆ ಅವನ ತಂಗಿ ಬಂದವಳೇ ಪಾತ್ರೆಯ ಮುಚ್ಚಳ ತೆಗೆದಳು.

"ಅಯ್ಯೋ ಅಣ್ಣಾ, ಒಬ್ಬನಿಗೆ ಇಷ್ಟೊಂದು ಸೂಪಾ? ತಲೆ ನೆಟ್ಟಗಿದ್ಯಾ ನಿಂಗೆ?"

ಅವನು ಸೌಟು ತಿರುಗಿಸುತ್ತಲೇ ಹೇಳಿದ: "ಮಕ್ಕಳ ಬಟ್ಟೆ ಹೊಲಿಯುವಾಗ ಒಳಗೆ ಒಂದಿಷ್ಟು ಮಡಚಿ ಬಿಡ್ತೀನಲ್ಲ, ಬೆಳೆದ ಮೇಲೆ ಬಿಚ್ಚೋಕೆ ಅಂತ? ಇದೂ ಹಾಗೇನೇ. ಬಟ್ಟಲು ತಗೊಂಡು ಕೂತ್ಕೋ."