ವಾಡೆಯ ಬಾಗಿಲ ಮುಂದೆ ಸೈಕಲ್ಲು

ಸವದತ್ತಿಯಿಂದ ರಾಮದುರ್ಗಕ್ಕೆ ಹೊರಟ ಬಸ್ಸು ಹಳೆಯ ಸಂಸ್ಥಾನದ ಊರೊಂದರಲ್ಲಿ ಚಹಾಕ್ಕೆಂದು ನಿಂತಿತು. ಎದುರಿಗೇ ಅರಸರ ವಾಡೆ. ಅಂಬಾರಿ ಹೊತ್ತ ಆನೆ ತಲೆ ತಗ್ಗಿಸದೆ ಒಳಹೋಗುವಷ್ಟು ಎತ್ತರದ ಬಾಗಿಲು. ಅಂಗಡಿಯ ಕಟ್ಟೆಯ ಮೇಲಿದ್ದ ಮುದುಕರೊಬ್ಬರು, ಸಂಸ್ಥಾನ ಹೋಗುವವರೆಗೂ ಆ ಬಾಗಿಲು ಕಾದವರು ತಾವೇ ಎಂದರು.

“ಇದರ ಮುಂದ ಯಾರೂ ಕುದರಿ ಮ್ಯಾಲ ಕುಂತು ಹೋಗೂ ಹಂಗಿರಲಿಲ್ರಿ. ಇಳದು, ಚಪ್ಪಲಿ ಕೈಯಾಗ ಹಿಡಕೊಂಡು ನಡೀಬೇಕು. ಮದುಮಗನ್ನೂ ನಾನ ಇಳಿಸೇನಿ.”

ಅರಸರು ಊರಲ್ಲಿ ಇಲ್ಲದಾಗಲೂ ಜನ ಬರಿಯ ಬಾಗಿಲಿಗೇ ತಲೆಬಾಗುತ್ತಿದ್ದರಂತೆ.

ಅಷ್ಟರಲ್ಲಿ ಸೀರೆಯುಟ್ಟ ತರುಣಿಯೊಬ್ಬಳು ಸೈಕಲ್ಲಿನಲ್ಲಿ ಬಂದಳು. ಮುದುಕರನ್ನು ಕಂಡವಳೇ ಬ್ರೇಕು ಹಿಡಿದು, ಇಳಿಯಲು ಒಂದು ಕಾಲು ನೆಲಕ್ಕಿಟ್ಟಳು.

ಮುದುಕರು ಎದ್ದು ನಿಂತು ಕೂಗಿದರು: “ಇಳೀಬ್ಯಾಡವಾ! ಸಾಲಿಗೆ ಹೊತ್ತಾಗತೈತಿ, ಹಂಗ ನಡಿ!”

ಆಕೆ ನಕ್ಕು, ಗಂಟೆ ಬಾರಿಸುತ್ತಾ ಬಾಗಿಲ ಮುಂದಿನಿಂದಲೇ ಹಾದುಹೋದಳು.

“ನನ್ನ ಮಗಳ್ರಿ,” ಎಂದರು ಮುದುಕರು. “ಸಾಲ್ಯಾಗ ಅಕ್ಕೋರು ಆಗ್ಯಾಳ, ಹುಡುಗೂರಿಗೆ ಪಾಠಾ ಹೇಳತಾಳ.”

ಕಂಡಕ್ಟರ್ ಸೀಟಿ ಊದಿದ. ನಾನು ಬಸ್ಸು ಹತ್ತಿ ನೋಡಿದಾಗಲೂ ಅವರು ಕುಳಿತಿರಲಿಲ್ಲ. ಸೈಕಲ್ಲು ಹೋದ ದಾರಿಯನ್ನೇ ನೋಡುತ್ತಾ ಎದೆಯುಬ್ಬಿಸಿ ನಿಂತಿದ್ದರು.